ಸೀಟಿಲ್ಲದ ವರ್ಷ: ಪಿಯುಸಿಗೂ ಡಿಗ್ರಿಗೂ ನಡುವಿನ ಬಿಡುವಿನ ಬಗ್ಗೆ

ಜುಲೈ, ಆಗಸ್ಟ್ ತಿಂಗಳಲ್ಲಿ ಯಾವುದೇ ತಾಲ್ಲೂಕು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಬಗೆಯ ಅಫಿಡವಿಟ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನಮೂನೆ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಹೆಸರು, ತಂದೆಯ ಹೆಸರು, ಊರು, ವರ್ಷ ಬದಲಾಯಿಸಿದರೆ ಆಯಿತು. ಸದರಿ ವಿದ್ಯಾರ್ಥಿ ಇಂಥ ವರ್ಷ ದ್ವಿತೀಯ ಪಿಯುಸಿ ತೇರ್ಗಡೆಯಾಗಿದ್ದು, ಆ ನಂತರದ ಅವಧಿಯಲ್ಲಿ ಯಾವ ಕಾಲೇಜಿಗೂ ದಾಖಲಾಗಿರುವುದಿಲ್ಲ, ಯಾವ ಕ್ರಿಮಿನಲ್ ಪ್ರಕರಣದಲ್ಲೂ ಭಾಗಿಯಾಗಿರುವುದಿಲ್ಲ ಎಂದು ಸ್ಟಾಂಪ್ ಪೇಪರಿನ ಮೇಲೆ ಪ್ರಮಾಣ. ಕೆಳಗೆ ನೋಟರಿಯ ಸೀಲು. ಕಾಲೇಜು ಆಫೀಸಿನವರ ಬಾಯಲ್ಲಿ ಇದು ಗ್ಯಾಪ್ ಸರ್ಟಿಫಿಕೇಟ್. ಒಂದು ವರ್ಷ ಓದು ನಿಲ್ಲಿಸಿದ ಹುಡುಗ ಆ ವರ್ಷದಲ್ಲಿ ಕಳ್ಳತನ ಮಾಡಲಿಲ್ಲ ಎಂದು ಬರೆದುಕೊಡಬೇಕಾದ ವ್ಯವಸ್ಥೆ ನಮ್ಮದು.

ಅತ್ತ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ತಾನೇ ಆರಿಸಿಕೊಂಡ ವಿದ್ಯಾರ್ಥಿಗಳಿಗೆ, ಬೇಕಿದ್ದರೆ ಒಂದು ವರ್ಷ ತಡೆದು ಬನ್ನಿ, ನಿಮ್ಮ ಜಾಗ ಎಲ್ಲಿಗೂ ಹೋಗುವುದಿಲ್ಲ ಎಂದು ದಶಕಗಳಿಂದ ಹೇಳುತ್ತ ಬಂದಿದೆ. 2016ರಲ್ಲಿ ಅಧ್ಯಕ್ಷ ಒಬಾಮಾ ಅವರ ಹಿರಿಯ ಮಗಳು ಮಾಲಿಯಾ ಹಾಗೇ ತಡೆದು 2017ರಲ್ಲಿ ಅಲ್ಲಿಗೆ ಸೇರಿದಾಗ ‘ಗ್ಯಾಪ್ ಇಯರ್’ ಎಂಬ ಮಾತು ನಮ್ಮ ಪತ್ರಿಕೆಗಳಲ್ಲೂ ಓಡಾಡಿತು.

ವಯಸ್ಸು ಅದೇ, ತಿಂಗಳೂ ಅವೇ ಹನ್ನೆರಡು. ಅಲ್ಲಿ ಅದು ಹೇಳಿಕೊಳ್ಳುವ ಸಂಗತಿ, ಇಲ್ಲಿ ಸಮಜಾಯಿಷಿ ಕೊಡಬೇಕಾದ ಲೋಪ. ನಮ್ಮ ತಂದೆತಾಯಿಗಳಿಗೆ ಮಕ್ಕಳನ್ನು ಬಿಡುವ ಧೈರ್ಯವಿಲ್ಲ, ಅವರ ಸಂಸ್ಕೃತಿ ಬೇರೆ ನಮ್ಮದು ಬೇರೆ ಎಂದು ಹೇಳಿ ಮಾತು ಮುಗಿಸುವವರಿದ್ದಾರೆ. ನನಗೆ ಅದು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಈ ಪ್ರಶ್ನೆಯ ಸುತ್ತ ಅರವತ್ತು ವರ್ಷಗಳಿಂದ ನಡೆದ ವಾದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸಂಸ್ಕೃತಿಗಿಂತ ಸೀಟಿನ ಲೆಕ್ಕಾಚಾರವೇ ಹೆಚ್ಚು ಸಂಗತಿಗಳನ್ನು ಬಿಡಿಸಿ ಹೇಳುತ್ತದೆ.

ಇಂಗ್ಲೆಂಡಿನ ಒಂಬತ್ತು ತಿಂಗಳು

ಬಿಡುವಿನ ವರ್ಷ ಒಂದು ಪದ್ಧತಿಯಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ. ಅದಕ್ಕೆ ಎರಡು ಬೇರುಗಳಿವೆ. ಒಂದು ಆದರ್ಶದ್ದು. 1958ರಲ್ಲಿ ಅಲೆಕ್ ಡಿಕ್ಸನ್ ಮತ್ತು ಅವರ ಪತ್ನಿ ಮೋರಾ ಸೇರಿ ‘ವಾಲಂಟರಿ ಸರ್ವಿಸ್ ಓವರ್‌ಸೀಸ್’ ಎಂಬ ಸಂಸ್ಥೆ ಕಟ್ಟಿದರು. ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು ಘಾನಾ, ಸರವಾಕ್‌ಗಳಂಥ ಕಡೆಗೆ ಒಂದು ವರ್ಷದ ಸೇವೆಗೆ ಕಳಿಸುವುದು ಅದರ ಕೆಲಸ. ಕಡ್ಡಾಯ ಸೈನಿಕ ಸೇವೆ ಬ್ರಿಟನ್ನಿನಲ್ಲಿ ಮುಗಿಯುತ್ತ ಬಂದ ಕಾಲ ಅದು. ಹರೆಯದ ಹುಡುಗರ ಕೈಗೆ ಬೇರೊಂದು ಕೆಲಸ ಕೊಡಬೇಕೆಂಬ ಯೋಚನೆ ಗಾಳಿಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ ಪದವೀಧರರೇ ಬೇಕು ಎನ್ನತೊಡಗಿತು. ಬಿಟ್ಟುಹೋದ ಹದಿನೆಂಟರವರನ್ನು 1967ರ ‘ಪ್ರಾಜೆಕ್ಟ್ ಟ್ರಸ್ಟ್’, 1972ರ ‘ಗ್ಯಾಪ್ ಆಕ್ಟಿವಿಟಿ ಪ್ರಾಜೆಕ್ಟ್ಸ್’ ಮುಂತಾದವು ಕೈಗೆತ್ತಿಕೊಂಡವು.

ಇನ್ನೊಂದು ಬೇರು ಪರೀಕ್ಷೆಯ ವೇಳಾಪಟ್ಟಿಯದು. ಆದರ್ಶಕ್ಕೂ ಅದಕ್ಕೂ ಸಂಬಂಧವಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಬೇಕೆಂದಿದ್ದ ಹುಡುಗರು ಶಾಲೆಯ ಕೊನೆಯ ಪರೀಕ್ಷೆಯಾದ ಮೇಲೂ ಒಂದು ಟರ್ಮ್ ಶಾಲೆಯಲ್ಲೇ ಉಳಿದು, ವರ್ಷದ ಕೊನೆಗೆ ಪ್ರವೇಶ ಪರೀಕ್ಷೆ ಬರೆಯುತ್ತಿದ್ದರು. ಫಲಿತಾಂಶ ಬರುವುದು ಡಿಸೆಂಬರಿನಲ್ಲಿ, ಕಾಲೇಜು ಶುರುವಾಗುವುದು ಮುಂದಿನ ಅಕ್ಟೋಬರಿನಲ್ಲಿ. ನಡುವೆ ಒಂಬತ್ತು ತಿಂಗಳು ಖಾಲಿ. ಕೈಯಲ್ಲಿ ದೇಶದ ಅತಿ ದೊಡ್ಡ ಕಾಲೇಜಿನ ಸೀಟು, ಜೇಬಿನಲ್ಲಿ ಅಪ್ಪನ ದುಡ್ಡು, ಮುಂದೆ ಪ್ರಪಂಚ. ಭಾರತಕ್ಕೆ ರೈಲು, ಬಸ್ಸು ಹಿಡಿದು ಬಂದ ಬಿಳಿ ಹುಡುಗರಲ್ಲಿ ಇಂಥವರೂ ಇದ್ದರು. 1980ರ ದಶಕದಲ್ಲಿ ಆ ಹೆಚ್ಚುವರಿ ಟರ್ಮ್ ಹೋಯಿತು, ಬಿಡುವಿನ ರೂಢಿ ಮಾತ್ರ ಉಳಿಯಿತು. 2000ದಲ್ಲಿ ರಾಜಕುಮಾರ ವಿಲಿಯಂ ಚಿಲಿಗೆ ಹೋಗಿ ಶೌಚಾಲಯ ತೊಳೆಯುವ ಚಿತ್ರ ಲೋಕವೆಲ್ಲ ನೋಡಿದ ಮೇಲೆ ಅದಕ್ಕೆ ಅರಮನೆಯ ಮುದ್ರೆಯೂ ಬಿತ್ತು.

ಸ್ಕ್ಯಾಂಡಿನೇವಿಯಾದ ದಾರಿ ಬೇರೆ, ಇನ್ನೂ ಹಳೆಯದು. ಡೆನ್ಮಾರ್ಕಿನ ಗ್ರುಂಟ್‌ವಿ ಅವರ ವಿಚಾರದಿಂದ ಹುಟ್ಟಿ 1844ರಲ್ಲಿ ರ್‍ಯೂಡಿಂಗ್‌ನಲ್ಲಿ ಶುರುವಾದ ಜಾನಪದ ಪ್ರೌಢಶಾಲೆಗಳಲ್ಲಿ ಪರೀಕ್ಷೆಯೂ ಇಲ್ಲ, ಅಂಕವೂ ಇಲ್ಲ. ಹಳ್ಳಿಯ ಯುವಕರು ಬಂದು ಉಂಡು, ಮಲಗಿ, ಹಾಡಿ, ವಾದ ಮಾಡಿ ಹೋಗುವ ಜಾಗ ಅದು. ನಾರ್ವೆಯಲ್ಲಿ ಇಂದಿಗೂ ಅನೇಕರು ಶಾಲೆಗೂ ವಿಶ್ವವಿದ್ಯಾಲಯಕ್ಕೂ ನಡುವೆ ಅಲ್ಲೊಂದು ವರ್ಷ ಕಳೆಯುತ್ತಾರೆ. ಈ ಮಾದರಿ ನಮಗೆ ಅಪರಿಚಿತವೇನಲ್ಲ. ಸ್ವಾತಂತ್ರ್ಯ ಬಂದ ಹೊತ್ತಿಗೆ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ಆರಂಭಿಸಿದ ವಿದ್ಯಾಪೀಠ ಡೆನ್ಮಾರ್ಕಿನ ಈ ಶಾಲೆಗಳನ್ನೇ ನೋಡಿ ಕಟ್ಟಿದ್ದು. ಆದರೆ ಅದು ಹೊಲಕ್ಕೆ ಮರಳುವ ರೈತ ಯುವಕರಿಗಾಗಿ ಇತ್ತು. ಕಾಲೇಜಿಗೆ ಹೊರಟವರಿಗೆ ಅದರ ಬಾಗಿಲು ತೆರೆಯಬಹುದೆಂದು ಯಾರೂ ಯೋಚಿಸಿದಂತಿಲ್ಲ.

ನಾವು ಕೈಬಿಟ್ಟ ಪ್ರಸ್ತಾಪ

ಬಿಡುವಿನ ವರ್ಷ ಪಶ್ಚಿಮದಿಂದ ಬಂದ ಶ್ರೀಮಂತರ ಷೋಕಿ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ಭಾರತ ಸರ್ಕಾರವೇ ಒಂದು ಕಾಲಕ್ಕೆ ಇಂಥ ವರ್ಷವನ್ನು ಎಲ್ಲರಿಗೂ ಕಡ್ಡಾಯ ಮಾಡುವ ಹತ್ತಿರ ಬಂದಿತ್ತು.

1950ರ ದಶಕದ ಕೊನೆಗೆ ನೆಹರೂ ಅವರಿಗೆ ಓದುವ ಹುಡುಗರು ಹಳ್ಳಿಯಿಂದ, ಮೈಮುರಿದು ದುಡಿಯುವುದರಿಂದ ದೂರವಾಗುತ್ತಿದ್ದಾರೆ ಎಂಬ ಚಿಂತೆ. ಹಿಂದೆ ಹಣಕಾಸು ಸಚಿವರಾಗಿದ್ದ ಸಿ.ಡಿ. ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ 1959ರಲ್ಲಿ ಒಂದು ಸಮಿತಿ ಕೂತಿತು. ಪ್ರೌಢಶಾಲೆ ಮುಗಿಸಿ ಕಾಲೇಜಿಗೆ ಹೋಗಬಯಸುವ ಪ್ರತಿಯೊಬ್ಬರೂ ಒಂಬತ್ತು ತಿಂಗಳಿಂದ ಒಂದು ವರ್ಷ ರಾಷ್ಟ್ರೀಯ ಸೇವೆ ಮಾಡಬೇಕು ಎಂದು ಅದು ಶಿಫಾರಸು ಮಾಡಿತು. ಸ್ವಲ್ಪ ಸೈನಿಕ ತರಬೇತಿ, ಸ್ವಲ್ಪ ಸಮಾಜಸೇವೆ, ಸ್ವಲ್ಪ ಕೈಕೆಲಸ, ಸ್ವಲ್ಪ ಸಾಮಾನ್ಯ ಶಿಕ್ಷಣ. ಡಿಕ್ಸನ್ ದಂಪತಿ ಕೆಲವು ಹುಡುಗರನ್ನು ಹೊರದೇಶಕ್ಕೆ ಕಳಿಸಿದ ಮರುವರ್ಷವೇ ನಮ್ಮಲ್ಲಿ ಲಕ್ಷಾಂತರ ಜನರ ಯೋಜನೆ ಕಾಗದದ ಮೇಲಿತ್ತು! ಇಷ್ಟು ಜನಕ್ಕೆ ವರ್ಷವಿಡೀ ಊಟ, ವಸತಿ, ಮೇಲ್ವಿಚಾರಣೆ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪ್ರಸ್ತಾಪ ಬಿತ್ತು. ಬೇರೆ ದೇಶಗಳ ಅನುಭವ ನೋಡಿ ಬಂದ ಕೆ.ಜಿ. ಸೈಯದೈನ್ ಅವರು ಇದು ಸ್ವಯಂಪ್ರೇರಣೆಯದಾಗಿರಲಿ ಎಂದರು. ಕೊನೆಗೆ 1969ರ ಸೆಪ್ಟೆಂಬರಿನಲ್ಲಿ, ಆಗ ಬಳ್ಳಾರಿಯ ಸಂಸದರೂ ಕೇಂದ್ರ ಶಿಕ್ಷಣ ಸಚಿವರೂ ಆಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಉದ್ಘಾಟಿಸಿದರು. ಕಾಲೇಜಿಗೆ ಮುಂಚಿನ ಇಡೀ ವರ್ಷವಾಗಿ ಹುಟ್ಟಿದ ಯೋಚನೆ ಕಾಲೇಜಿನೊಳಗಿನ ಕೆಲವೇ ದಿನಗಳ ಕ್ಯಾಂಪಾಗಿ ಉಳಿಯಿತು. ಊರ ಚರಂಡಿ ಸ್ವಚ್ಛ ಮಾಡಿ, ರಾತ್ರಿ ಶಾಲೆಯ ಜಗಲಿಯಲ್ಲಿ ನಾಟಕ ಆಡಿದವರಿಗೆಲ್ಲ ಅದರ ಸುಖ ಗೊತ್ತು. ಆದರೆ ಅದು ಬೇರೆಯೇ ವಸ್ತು.

ಓದಿಗೆ ವಿರಾಮ ಹಾಕುವ ಕರೆ ರಾಜಕೀಯದಿಂದಲೂ ಬಂದಿದೆ. 1942ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಎಚ್. ನರಸಿಂಹಯ್ಯನವರು ತರಗತಿ ಬಿಟ್ಟು ಜೈಲಿಗೆ ಹೋಗಿ, ಆಮೇಲೆ ಮರಳಿ ಬಂದು ಪದವಿ ಮುಗಿಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1974ರ ಜೂನ್ 5ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ಜಯಪ್ರಕಾಶ ನಾರಾಯಣರು ವಿದ್ಯಾರ್ಥಿಗಳು ಒಂದು ವರ್ಷ ಕಾಲೇಜು ಬಿಟ್ಟು ಬರಬೇಕೆಂದರು. ಅಂದು ಹಾಗೆ ಬಿಟ್ಟವರಿಗೆ ‘ವರ್ಷ ಹಾಳಾಯಿತು’ ಎಂದು ಯಾರೂ ಹೇಳಿರಲಾರರು, ಮನೆಯವರ ಹೊರತು.

ಹದ ಬರಲಿ ಎನ್ನುವವರು

ಬಿಡುವಿನ ಪರ ವಾದಿಸುವವರ ತಾತ್ವಿಕ ಗುರು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್. ಹರೆಯ ಮತ್ತು ಪ್ರೌಢತೆಯ ನಡುವೆ ಸಮಾಜ ಯುವಕರಿಗೆ ಒಂದಿಷ್ಟು ವಾಯಿದೆ ಕೊಡಬೇಕು, ಆ ಅವಧಿಯಲ್ಲಿ ಅವರು ನಾಲ್ಕು ಪಾತ್ರ ಆಡಿನೋಡಿ ತಮ್ಮದನ್ನು ಆರಿಸಿಕೊಳ್ಳಲಿ ಎಂಬುದು ಅವರ ನಿಲುವು. ಸ್ವತಃ ಎರಿಕ್‌ಸನ್ ಶಾಲೆ ಮುಗಿಸಿ ಚಿತ್ರ ಬರೆಯುತ್ತ ಯುರೋಪು ಸುತ್ತಿದವರು, ಕಾಲೇಜು ಪದವಿ ಪಡೆಯದೆಯೇ ಹಾರ್ವರ್ಡಿನ ಪ್ರಾಧ್ಯಾಪಕರಾದವರು. ಅಹಮದಾಬಾದಿನ ಗಿರಣಿ ಮುಷ್ಕರವನ್ನು ಇಟ್ಟುಕೊಂಡು ಗಾಂಧಿಯ ಬಗ್ಗೆ ದೊಡ್ಡ ಪುಸ್ತಕ ಬರೆದವರೂ ಅವರೇ. 2000ದಲ್ಲಿ ಜೆಫ್ರಿ ಆರ್ನೆಟ್ ಹದಿನೆಂಟರಿಂದ ಇಪ್ಪತ್ತೈದರವರೆಗಿನ ಕಾಲ ಹರೆಯವೂ ಅಲ್ಲದ, ಪ್ರೌಢತೆಯೂ ಅಲ್ಲದ ಪ್ರತ್ಯೇಕ ಘಟ್ಟ ಎಂದು ವಾದಿಸಿ ಈ ಪಂಥಕ್ಕೆ ಇನ್ನೊಂದು ಊರುಗೋಲು ಕೊಟ್ಟರು.

ಅಂಕಿಅಂಶಗಳೂ ಇವರ ಕಡೆ ಇಲ್ಲದೆ ಇಲ್ಲ. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಪ್ರವೇಶಾಧಿಕಾರಿಯಾಗಿದ್ದ ರಾಬರ್ಟ್ ಕ್ಲ್ಯಾಗೆಟ್, ಒಂದು ವರ್ಷ ತಡೆದು ಬಂದವರು ಅವರ ಶಾಲಾ ದಾಖಲೆ ನೋಡಿ ನಿರೀಕ್ಷಿಸಬಹುದಾದ್ದಕ್ಕಿಂತ ಹೆಚ್ಚು ಅಂಕ ಪಡೆಯುತ್ತಾರೆ ಎಂದು ತೋರಿಸಿದರು. ಪಶ್ಚಿಮ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಬರ್ಚ್ ಮತ್ತು ಮಿಲ್ಲರ್ 2007ರಲ್ಲಿ ಮಾಡಿದ ಅಧ್ಯಯನ ಗಂಡುಹುಡುಗರಿಗೆ ಈ ಲಾಭ ಹೆಚ್ಚು ಎಂದಿತು. 2010ರಲ್ಲಿ ಸಿಡ್ನಿಯ ಆಂಡ್ರ್ಯೂ ಮಾರ್ಟಿನ್ ಪ್ರಕಟಿಸಿದ ಸಂಶೋಧನೆ ನನಗೆ ಇನ್ನೂ ಕುತೂಹಲಕರ. ಓದಿನಲ್ಲಿ ಆಸಕ್ತಿ ಕುಂದಿದವರೇ ಬಿಡುವಿನ ಕಡೆ ವಾಲುತ್ತಾರೆ, ಬಿಡುವಿನ ನಂತರ ಅವರ ಆಸಕ್ತಿ ಚಿಗುರುತ್ತದೆ ಎಂಬುದು ಅದರ ಸಾರ. ಪಿಸಿಎಂಬಿ ಓದಿ ಓದಿ ಬೆಂಡಾದ ನಮ್ಮ ಮಕ್ಕಳನ್ನು ಬಲ್ಲವರಿಗೆ ಇದರ ಮೊದಲರ್ಧ ಹೊಸದೇನಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2009ರಿಂದ ಅದು ತನ್ನ ಹೊಸ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಒಂಬತ್ತು ತಿಂಗಳು ಬೇರೆ ದೇಶಕ್ಕೆ ಸೇವೆಗೆ, ತನ್ನದೇ ಖರ್ಚಿನಲ್ಲಿ ಕಳಿಸುತ್ತದೆ. ಮೊದಲ ತಂಡಗಳು ಬಂದ ಊರುಗಳಲ್ಲಿ ವಾರಾಣಸಿಯೂ ಒಂದು.

ಓಟ ನಿಲ್ಲಿಸಬೇಡಿ ಎನ್ನುವವರು

ಅರ್ಥಶಾಸ್ತ್ರಜ್ಞರದು ಬೇರೆ ರಾಗ. ಒಂದು ವರ್ಷ ತಡವಾಗಿ ಓದಿದವನು ಒಂದು ವರ್ಷ ತಡವಾಗಿ ದುಡಿಯುತ್ತಾನೆ. ಹೋಗುವುದು ಮೊದಲ ವರ್ಷದ ಸಣ್ಣ ಸಂಬಳ ಎಂದುಕೊಂಡರೆ ತಪ್ಪು, ಕಳೆದುಹೋಗುವುದು ಕೊನೆಯ ವರ್ಷದ ದೊಡ್ಡ ಸಂಬಳ. ಸ್ವೀಡನ್ನಿನ ದಾಖಲೆಗಳನ್ನು ನೋಡಿದ ಹಾಲ್ಮ್‌ಲುಂಡ್, ಲಿಯು ಮತ್ತು ಸ್ಕಾನ್ಸ್ 2008ರಲ್ಲಿ ಎರಡು ವರ್ಷ ತಡೆದವರ ಜೀವಮಾನದ ನಷ್ಟವನ್ನು, ನಲವತ್ತನೇ ವಯಸ್ಸಿನ ಒಂದು ವರ್ಷದ ಸಂಬಳದ ಶೇ 40ರಿಂದ 50ರಷ್ಟು ಎಂದು ಅಂದಾಜಿಸಿದರು. ಡೆನ್ಮಾರ್ಕ್ ಸರ್ಕಾರ ಇಂಥ ವಾದಕ್ಕೆ ಒಪ್ಪಿ, ಶಾಲೆ ಮುಗಿಸಿ ಎರಡು ವರ್ಷದೊಳಗೆ ಅರ್ಜಿ ಹಾಕಿದವರ ಸರಾಸರಿ ಅಂಕವನ್ನು 1.08ರಿಂದ ಗುಣಿಸಿಕೊಡುವ ನಿಯಮ ತಂದಿತು. 2009ರಿಂದ ಹತ್ತು ವರ್ಷ ನಡೆಸಿ, 2020ರ ಹೊತ್ತಿಗೆ ಕೈಬಿಟ್ಟಿತು. ಜಾನಪದ ಶಾಲೆ ಕಟ್ಟಿದ ನಾಡೇ ಬೇಗ ಬನ್ನಿ ಎಂದು ಬೋನಸ್ ಕೊಟ್ಟದ್ದು, ಮತ್ತೆ ಮನಸ್ಸು ಬದಲಾಯಿಸಿದ್ದು, ಈ ಪ್ರಶ್ನೆ ಎಷ್ಟು ಇತ್ಯರ್ಥವಾಗದೆ ಉಳಿದಿದೆ ಎಂಬುದಕ್ಕೆ ಸಾಕ್ಷಿ.

ಇನ್ನೂ ಗಂಭೀರವಾದ ಆಕ್ಷೇಪ ಸಮಾಜಶಾಸ್ತ್ರದ್ದು. 2005ರಲ್ಲಿ ಬೋಜಿಕ್ ಮತ್ತು ಡಿಲೂಕಾ ಅಮೆರಿಕದ ಒಂದು ಇಡೀ ಪೀಳಿಗೆಯ ದಾಖಲೆ ಹಿಡಿದು ನೋಡಿದಾಗ, ಕಾಲೇಜನ್ನು ಮುಂದೂಡಿದವರು ಸುಮಾರು ಶೇ 16ರಷ್ಟಿದ್ದರು. ಹೆಚ್ಚಿನವರು ಬಡ ಮನೆಯವರು, ಶಾಲೆಯಲ್ಲಿ ಹಿಂದೆ ಬಿದ್ದವರು. ಪದವಿ ಮುಗಿಸುವ ಸಾಧ್ಯತೆ ಇವರಲ್ಲಿ ಬಹಳ ಕಡಿಮೆ.

ಎರಡೂ ಪಂಥಗಳು ಪರಸ್ಪರ ವಿರುದ್ಧ ಮಾತಾಡುತ್ತಿರುವಂತೆ ಕಂಡರೂ ನೋಡುತ್ತಿರುವುದು ಬೇರೆಬೇರೆ ಜನರನ್ನು. ಮಿಡಲ್‌ಬರಿಯಲ್ಲಿ ಲೆಕ್ಕಕ್ಕೆ ಸಿಕ್ಕವರು ತಡೆದು ಕಾಲೇಜಿಗೆ ಬಂದವರು ಮಾತ್ರ. ತಡೆದು ಬಾರದೇ ಹೋದವರು ಆ ಕಾಲೇಜಿನ ಕಡತದಲ್ಲಿ ಇರುವುದಿಲ್ಲ. ಅಮೆರಿಕದ ದೊಡ್ಡ ದಾಖಲೆಯಲ್ಲಿ ಪ್ರವಾಸ ಹೋದವನೂ ಪೆಟ್ರೋಲ್ ಬಂಕಿನಲ್ಲಿ ದುಡಿದವನೂ ಒಂದೇ ಪಟ್ಟಿಯಲ್ಲಿದ್ದಾರೆ. ಸೀಟು ಹಿಡಿದುಕೊಂಡು ಹೋದವರ ವರ್ಷವನ್ನೂ ಸೀಟಿಲ್ಲದೆ ಹೋದವರ ವರ್ಷವನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಬಂದ ಗೊಂದಲ ಇದು.

ರಿಪೀಟರ್‌ಗಳ ನಾಡಿನಲ್ಲಿ

ಭಾರತದಲ್ಲಿ ಪಿಯುಸಿ ನಂತರ ಒಂದು ವರ್ಷ ತಡೆಯುವವರಲ್ಲಿ ಎದ್ದು ಕಾಣುವುದು ಮತ್ತೊಮ್ಮೆ ಪ್ರವೇಶ ಪರೀಕ್ಷೆ ಬರೆಯುವವರು. ‘ಮಗ ಏನ್ ಮಾಡ್ತಿದಾನೆ?’ ಎಂದು ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ‘ಲಾಂಗ್ ಟರ್ಮ್‌ಗೆ ಹಾಕಿದೀವಿ’ ಎಂಬ ಉತ್ತರ ಬರುತ್ತದೆ. ಬೆಳಗಿನ ಜಾವದ ಸ್ಟಡಿ ಅವರ್, ಹಗಲೆಲ್ಲ ಕ್ಲಾಸು, ವಾರಕ್ಕೊಂದು ಟೆಸ್ಟು, ಸಂಜೆಗೆ ಅಪ್ಪನ ಫೋನಿಗೆ 720ಕ್ಕೆ ಇಷ್ಟು ಎಂಬ ಮೆಸೇಜು. ಹಾಸ್ಟೆಲಿನ ಗೋಡೆಯ ಮೇಲೆ ಅಂಟಿಸಿದ ಪೀರಿಯಾಡಿಕ್ ಟೇಬಲ್ಲಿನ ಪಕ್ಕ, ಪರೀಕ್ಷೆಗೆ ಉಳಿದ ದಿನಗಳ ಸಂಖ್ಯೆ. ಬಿಡುವು ಎಂಬ ಮಾತು ಇಲ್ಲಿ ಅಪಹಾಸ್ಯ.

ಇದಕ್ಕೆ ಜನರ ಹುಚ್ಚು ಕಾರಣ ಎನ್ನುವವರು ಸಂಖ್ಯೆಗಳನ್ನು ಗಮನಿಸಲಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಅರ್ಹತೆ ಪಡೆದವರು ಸುಮಾರು 13 ಲಕ್ಷ. ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಚಿಲ್ಲರೆ, ಅವುಗಳಲ್ಲಿ ಸರ್ಕಾರಿ ಕಾಲೇಜಿನವು ಸುಮಾರು ಅರ್ಧ. ಸರ್ಕಾರಿ ಸೀಟಿಗೂ ಖಾಸಗಿಯವರ ಪೇಮೆಂಟ್ ಸೀಟಿಗೂ ಕೋರ್ಸು ಮುಗಿಯುವಷ್ಟರಲ್ಲಿ ಹತ್ತಾರು ಲಕ್ಷ ರೂಪಾಯಿ ವ್ಯತ್ಯಾಸ. ಇನ್ನೊಂದಿಷ್ಟು ಅಂಕ ಬಂದರೆ ಆ ಹಣ ಉಳಿಯುತ್ತದೆ ಎಂದಾಗ, ಒಂದೆರಡು ಲಕ್ಷ ಖರ್ಚು ಮಾಡಿ ಒಂದು ವರ್ಷ ಕೂರಿಸುವ ತಂದೆ ದಡ್ಡನಲ್ಲ. ಅರ್ಥಶಾಸ್ತ್ರಜ್ಞರು ಸ್ವೀಡನ್ನಿನಲ್ಲಿ ನಷ್ಟ ಎಂದು ಬರೆದದ್ದನ್ನು ಅವನು ಇಲ್ಲಿ ಹೂಡಿಕೆಯೆಂದು ಬರೆಯುತ್ತಾನೆ, ಅವನ ಲೆಕ್ಕವೂ ಸರಿಯೇ.

ಒಬ್ಬೊಬ್ಬರಿಗೆ ಸರಿಯಾದ ಲೆಕ್ಕ ಎಲ್ಲರೂ ಹಾಕಿದಾಗ ಏನಾಗುತ್ತದೆ ಎಂಬುದನ್ನು ತಮಿಳುನಾಡಿನ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ತೋರಿಸಿತು. ನೀಟ್‌ಗೆ ಮೊದಲು, 2016–17ರಲ್ಲಿ, ಆ ರಾಜ್ಯದಲ್ಲಿ ಎಂಬಿಬಿಎಸ್ ಸೇರಿದವರಲ್ಲಿ ಹಿಂದಿನ ವರ್ಷಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ಶೇ 12.47. ನಾಲ್ಕೇ ವರ್ಷದಲ್ಲಿ, 2020–21ರಲ್ಲಿ, ಅದು ಶೇ 71.42. ತಡೆಯುವುದು ಅಲ್ಲಿ ಅಪವಾದವಾಗಿ ಉಳಿಯಲಿಲ್ಲ. ಮೊದಲ ಸಲಕ್ಕೇ ಸೇರುವವನೇ ಅಪವಾದ. ಐದೂವರೆ ವರ್ಷದ ಕೋರ್ಸು ಲೆಕ್ಕಕ್ಕೆ ಸಿಗದೆ ಆರೂವರೆ ವರ್ಷದ್ದಾಯಿತು, ಹೆಚ್ಚುವರಿ ವರ್ಷದ ಫೀಸು ಕೋಚಿಂಗ್ ಸೆಂಟರಿಗೆ.

ಜಪಾನಿನ ರೋನಿನ್‌ಗಳು, ದಕ್ಷಿಣ ಕೊರಿಯಾದ ಜೇಸುಸೆಂಗ್‌ಗಳು ನಮ್ಮ ರಿಪೀಟರ್‌ಗಳ ದಾಯಾದಿಗಳು. ಕೊರಿಯಾದ ರಾಷ್ಟ್ರೀಯ ಪ್ರವೇಶ ಪರೀಕ್ಷೆ ಬರೆಯುವವರಲ್ಲಿ ಈಚಿನ ವರ್ಷಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಗಲೇ ಶಾಲೆ ಮುಗಿಸಿದವರು. ಮುಂದಿನ ಬದುಕೆಲ್ಲ ಒಂದೇ ಪರೀಕ್ಷೆಯ ರ್‍ಯಾಂಕಿಗೆ ತೂಗುಬಿದ್ದ ಕಡೆ ಹೀಗೇ ಆಗುವುದಾದರೆ, ಇದರಲ್ಲಿ ‘ಭಾರತೀಯ ಮನೋಭಾವ’ವನ್ನು ಹುಡುಕುವುದು ವ್ಯರ್ಥ.

ಸರ್ಕಾರಗಳು ಇವರನ್ನು ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿವೆ. ಐಐಟಿ ಪರೀಕ್ಷೆಗೆ ಎರಡೇ ಅವಕಾಶ ಎಂಬ ಮಿತಿ 2007ರಿಂದ ಇದೆ. 2024ರ ನವೆಂಬರ್ 5ರಂದು ಜಂಟಿ ಪ್ರವೇಶ ಮಂಡಳಿ ಮೂರು ಸಲ ಬರೆಯಬಹುದು ಎಂದು ಪ್ರಕಟಿಸಿತು. ಅದನ್ನು ನಂಬಿ ಕೆಲವರು ಸೇರಿದ್ದ ಕಾಲೇಜು ಬಿಟ್ಟರು. ನವೆಂಬರ್ 18ರಂದು ಮಂಡಳಿ ಮತ್ತೆ ಎರಡೇ ಎಂದಿತು. ಆ ಎರಡು ತಾರೀಖುಗಳ ನಡುವೆ ಕಾಲೇಜು ಬಿಟ್ಟವರಿಗೆ ಪರೀಕ್ಷೆ ಬರೆಯಲು ಬಿಡಿ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ವೈದ್ಯಕೀಯದಲ್ಲಿ ಗಾಳಿ ತಿರುವುಮುರುವು: ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಯಿತು.

ಕರ್ನಾಟಕದ ಪಾಲಿಗೆ ಈ ಜಗಳ ಸ್ಫೋಟಿಸಿದ್ದು 2022ರ ಸಿಇಟಿಯಲ್ಲಿ. ಹಿಂದಿನ ವರ್ಷ ಕೋವಿಡ್‌ನಿಂದ ದ್ವಿತೀಯ ಪಿಯುಸಿ ಪರೀಕ್ಷೆ ನಡೆದಿರಲಿಲ್ಲ. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಅಂಕ ಕೂಡಿಸಿ ಎಲ್ಲರನ್ನೂ ಪಾಸು ಮಾಡಿದ್ದರು. 600ಕ್ಕೆ 600 ಪಡೆದವರೇ 2,239 ಮಂದಿ. ಆ ಬ್ಯಾಚಿನವರಲ್ಲಿ ಮರುವರ್ಷ ಸಿಇಟಿ ಬರೆದವರ ಪಿಯುಸಿ ಅಂಕ ಪರಿಗಣಿಸುವುದಿಲ್ಲ, ಸಿಇಟಿ ಅಂಕ ಮಾತ್ರ ಎಂದು ಪರೀಕ್ಷಾ ಪ್ರಾಧಿಕಾರ ರ್‍ಯಾಂಕ್ ಕೊಟ್ಟಿತು. ಸುಮಾರು 24 ಸಾವಿರ ರಿಪೀಟರ್‌ಗಳ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತು. ಅರ್ಧ ಪಿಯುಸಿ, ಅರ್ಧ ಸಿಇಟಿ ಎಂಬ ನಿಯಮ ಎಲ್ಲರಿಗೂ ಒಂದೇ ಎಂದು ಏಕಸದಸ್ಯ ಪೀಠ ಹೇಳಿತು. ಕೊನೆಗೆ ರಿಪೀಟರ್‌ಗಳ ಪಿಯುಸಿ ಅಂಕದಲ್ಲಿ ಸುಮಾರು ಶೇ 6 ಕಡಿತ ಮಾಡುವ ಸೂತ್ರವನ್ನು ವಿಭಾಗೀಯ ಪೀಠ ಒಪ್ಪಿತು. ಅಕ್ಟೋಬರಿನಲ್ಲಿ ಹೊಸ ರ್‍ಯಾಂಕ್ ಪಟ್ಟಿ ಬಂತು. ಹೊಸಬರ ತಂದೆತಾಯಿಗಳಿಗೆ ಇದು ಅನ್ಯಾಯ, ಹಳಬರಿಗೆ ನ್ಯಾಯ. ಒಂದು ವರ್ಷ ಹೆಚ್ಚು ಓದಿದವನನ್ನೂ ಈಗಷ್ಟೇ ಪರೀಕ್ಷೆ ಮುಗಿಸಿದವನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವುದು ಸರಿಯೇ ಎಂಬ ಮೂಲ ಪ್ರಶ್ನೆ ಈ ಸೂತ್ರದಿಂದ ಪರಿಹಾರವಾಗಲಿಲ್ಲ, ಆ ವರ್ಷದ ಮಟ್ಟಿಗೆ ಮುಂದೂಡಲ್ಪಟ್ಟಿತು.

ಕೋಚಿಂಗ್‌ಗೆ ಹೆಸರಾದ ರಾಜಸ್ಥಾನದ ಕೋಟಾದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯಲು ಫ್ಯಾನಿಗೆ ಸ್ಪ್ರಿಂಗ್ ಹಾಕಿಸುವ ಆದೇಶ ಹೊರಡಿಸಬೇಕಾಗಿ ಬಂದ ಊರಿನಲ್ಲಿ ‘ಹದ ಬರಲಿ’ ಎಂಬ ವಾದ ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಮನೆಯಲ್ಲಿ ಕೂತವಳು

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮೇಲಿನ ಯಾವ ಪಂಥದ ಮಾತೂ ಸಾಲುವುದಿಲ್ಲ. ನಮ್ಮಲ್ಲಿ ಹುಡುಗಿ ಪಿಯುಸಿ ಮುಗಿಸುವ ವಯಸ್ಸೂ ಕಾನೂನು ಅವಳ ಮದುವೆಗೆ ಒಪ್ಪುವ ವಯಸ್ಸೂ ಹದಿನೆಂಟರ ಆಸುಪಾಸಿನಲ್ಲೇ ಒಂದರ ಪಕ್ಕ ಒಂದು ನಿಂತಿವೆ. ಕಾಲೇಜಿಗೆ ಹೋಗುವವಳನ್ನು ‘ಓದ್ತಿದಾಳೆ’ ಎಂದು ಹೇಳಿ ಬಂದ ಸಂಬಂಧವನ್ನು ಮುಂದಕ್ಕೆ ಹಾಕಬಹುದು. ಮನೆಯಲ್ಲಿ ಕೂತವಳ ಬಗ್ಗೆ ಹೇಳಲು ತಾಯಿಯ ಬಳಿ ವಾಕ್ಯವಿರುವುದಿಲ್ಲ. ಪಕ್ಕದ ಊರಿನ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ.ಗೋ ಬಿ.ಕಾಂ.ಗೋ ಹೆಸರು ಹಚ್ಚುವ ಎಷ್ಟೋ ಹುಡುಗಿಯರಿಗೆ ಆ ಡಿಗ್ರಿ ಮೂರು ವರ್ಷದ ರಕ್ಷಣೆ. ಅವರಿಗೆ ಒಂದು ವರ್ಷ ತಡೆದು ಯೋಚಿಸು ಎನ್ನುವುದು ಆ ರಕ್ಷಣೆ ಬಿಡು ಎಂದಂತೆ. ಹೆಣ್ಣಿನ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು.

ಬಡ ಮನೆಯ ಹುಡುಗರ ವರ್ಷ ಇನ್ನೊಂದು ಬಗೆ. ಅಪ್ಪನಿಗೆ ಕಾಯಿಲೆ, ಮಳೆ ಕೈಕೊಟ್ಟಿತು, ಅಕ್ಕನ ಮದುವೆಯ ಸಾಲ ಇದೆ ಎಂದು ಬೆಂಗಳೂರಿನ ಹೋಟೆಲಿಗೋ ಡೆಲಿವರಿ ಕೆಲಸಕ್ಕೋ ಬರುವವರು ‘ಒಂದು ವರ್ಷ’ ಎಂದೇ ಹೇಳಿ ಬರುತ್ತಾರೆ. ಇವರು ಮರಳಿ ಕಾಲೇಜಿಗೆ ಹೋದರೂ ಕ್ಯಾಂಪಸ್ ಸೆಲೆಕ್ಷನ್ನಿನ ಹೊತ್ತಿಗೆ, ಓದಿನಲ್ಲಿ ಒಂದೋ ಎರಡೋ ವರ್ಷಕ್ಕಿಂತ ಹೆಚ್ಚು ಅಂತರ ಇರಕೂಡದು ಎಂಬ ಕಂಪನಿಗಳ ಷರತ್ತು ಎದುರಾಗುತ್ತದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಸೂ ಹೀತ್ 2007ರಲ್ಲಿ, ಬಿಡುವಿನ ವರ್ಷದ ‘ಅನುಭವ’ವೂ ಉಳ್ಳವರ ಕೈಗೆ ಸೇರುವ ಒಂದು ಬಂಡವಾಳ ಎಂದು ವಾದಿಸಿದ್ದರು. ಪೆರುವಿನಲ್ಲಿ ಶಾಲೆಗೆ ಬಣ್ಣ ಬಳಿದದ್ದು ಬಯೊಡೇಟಾದಲ್ಲಿ ಮೆರೆಯುತ್ತದೆ, ಮೆಜೆಸ್ಟಿಕ್ಕಿನಲ್ಲಿ ತಟ್ಟೆ ತೊಳೆದದ್ದು ಮೆರೆಯುವುದಿಲ್ಲ. ಜವಾಬ್ದಾರಿ ಕಲಿಸುವುದರಲ್ಲಿ ಎರಡನೆಯದೇ ಮೇಲು ಎಂದು ನನ್ನ ಅನಿಸಿಕೆ.

ಸೀಟು ಕಾದಿಟ್ಟರೆ

ಬಿಡುವಿನ ವರ್ಷ ಒಳ್ಳೆಯದು ಎಂದು ತೋರಿಸಿದ ಕಾರ್ಯಕ್ರಮಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅವುಗಳಿಗೆ ಸಮಾನವಾದದ್ದು ಒಂದೇ. ಹೊರಡುವ ಮುನ್ನವೇ ವಿದ್ಯಾರ್ಥಿಯ ಸೀಟು ಖಾತ್ರಿಯಾಗಿರುತ್ತದೆ. ನಮ್ಮಲ್ಲಿ ಕೌನ್ಸೆಲಿಂಗ್‌ನಲ್ಲಿ ಸಿಕ್ಕ ಸೀಟಿಗೆ ಹೇಳಿದ ದಿನ ಹಾಜರಾಗದಿದ್ದರೆ ಅದು ಮುಂದಿನವನಿಗೆ. ಇಲ್ಲಿ ತಡೆಯುವ ಪ್ರತಿಯೊಬ್ಬನೂ ಎಲ್ಲವನ್ನೂ ಪಣಕ್ಕಿಟ್ಟೇ ತಡೆಯುತ್ತಾನೆ. ಆದ್ದರಿಂದ ಪಶ್ಚಿಮದ ಅಧ್ಯಯನಗಳನ್ನು ತಂದು ನಮ್ಮ ಮಕ್ಕಳಿಗೆ ಬಿಡುವು ತೆಗೆದುಕೊಳ್ಳಿ ಎಂದು ಉಪದೇಶಿಸುವವರನ್ನು ನಾನು ನಂಬುವುದಿಲ್ಲ. ಅದೇ ಅಧ್ಯಯನಗಳ ಇನ್ನೊಂದು ಕಂತೆ ತೋರಿಸಿ ಹೆದರಿಸುವವರನ್ನೂ.

ನಮ್ಮಲ್ಲೂ ಸೀಟು ಕಾದಿಟ್ಟು ಒಂದು ವರ್ಷ ಕೊಡುವ ವ್ಯವಸ್ಥೆ ಒಂದಿದೆ, ಆದರೆ ಅದರ ಹೆಸರು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಮೀಸಲಾದ ಸೀಟು ತುಂಬದೆ ಉಳಿದಾಗ, ಕಟಾಫ್‌ಗಿಂತ ಸ್ವಲ್ಪ ಕೆಳಗಿರುವವರನ್ನು ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸಿಗೆ ಸೇರಿಸಿಕೊಳ್ಳುತ್ತಾರೆ. ಅದನ್ನು ಮುಗಿಸಿದವರಿಗೆ ಮರುವರ್ಷ ಬಿ.ಟೆಕ್. ಸೀಟು. ಮತ್ತೆ ಪ್ರವೇಶ ಪರೀಕ್ಷೆಯ ಭೂತವಿಲ್ಲ.

ಪಠ್ಯದಾಚೆಗಿನ ವರ್ಷಕ್ಕೆ ಕನ್ನಡನಾಡಿನಲ್ಲಿ ನನಗೆ ಹೊಳೆಯುವ ಮಾದರಿ ಹೆಗ್ಗೋಡಿನದು. ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರದಲ್ಲಿ ಹುಡುಗ ಹುಡುಗಿಯರು ಒಂದು ವರ್ಷ ಅಲ್ಲೇ ಇದ್ದು ನಾಟಕ ಕಲಿಯುತ್ತಾರೆ. ಅಲ್ಲಿಂದ ಹೊರಬಂದವರೆಲ್ಲ ನಟರಾಗಿಲ್ಲ. ಮೇಷ್ಟರೂ ಆಗಿದ್ದಾರೆ, ಊರಿಗೆ ಮರಳಿ ತೋಟವನ್ನೂ ನೋಡಿಕೊಂಡಿದ್ದಾರೆ. ಉಳಿದಂತೆ ಭಾರತದಲ್ಲಿ ಹೆಸರು ಮಾಡಿದ ಫೆಲೋಶಿಪ್‌ಗಳು, ಗಾಂಧಿ ಫೆಲೋಶಿಪ್ ಇರಲಿ, ಎಸ್‌ಬಿಐ ಯೂತ್ ಫಾರ್ ಇಂಡಿಯಾ ಇರಲಿ, ಪದವಿಯ ನಂತರದವು. ಡಿಗ್ರಿ ಕೈಗೆ ಬಂದ ಮೇಲೆ ಅಲೆದಾಡಬಹುದು, ಮೊದಲಲ್ಲ ಎಂಬ ಮಧ್ಯಮವರ್ಗದ ರಾಜಿಸೂತ್ರಕ್ಕೆ ಅವು ಹೊಂದಿಕೊಂಡಿವೆ. ಪದವಿಯ ನಡುವೆಯೇ ನಿಲ್ಲಿಸಿ ಮರಳಿ ಬರುವ ದಾರಿಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ತೆರೆಯಿತು. ಅದನ್ನು 2021ರಲ್ಲಿ ಎಲ್ಲರಿಗಿಂತ ಮೊದಲು ಜಾರಿ ಮಾಡಿದ ಕರ್ನಾಟಕವೇ 2024ರಲ್ಲಿ ಹಳೆಯ ಮೂರು ವರ್ಷದ ಡಿಗ್ರಿಗೆ ಮರಳಿತು. ಆ ದಾರಿ ಇಲ್ಲಿ ಎಷ್ಟು ಜನರಿಗೆ ಉಪಯೋಗವಾಗುತ್ತಿತ್ತು ಎಂದು ತಿಳಿಯುವ ಮೊದಲೇ ಮುಚ್ಚಿತು.

ಇತ್ಯರ್ಥವಾಗದೆ ಉಳಿದದ್ದು

ಬಿಡುವು ಮನುಷ್ಯನನ್ನು ಬದಲಾಯಿಸುತ್ತದೆಯೋ, ಬದಲಾಗುವಂಥ ಮನುಷ್ಯರೇ ಬಿಡುವು ಆರಿಸಿಕೊಳ್ಳುತ್ತಾರೋ ಎಂಬುದನ್ನು ಯಾವ ಅಧ್ಯಯನವೂ ಪೂರ್ತಿ ಬೇರ್ಪಡಿಸಿಲ್ಲ. ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಬಿಡುವು, ಅರ್ಧಕ್ಕೆ ಕಾಲೇಜು ಎಂದು ಪ್ರಯೋಗ ಮಾಡಲು ಯಾವ ತಂದೆತಾಯಿಯೂ ಒಪ್ಪಲಾರರು.

ಎಷ್ಟು ಸಲ ಪರೀಕ್ಷೆಗೆ ಬಿಡಬೇಕು ಎಂಬುದು ಎರಡನೆಯದು. ಮಿತಿ ಹಾಕಿದರೆ ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದ, ಮೊದಲ ಸಲ ಪ್ರಶ್ನೆಪತ್ರಿಕೆ ಅರ್ಥ ಮಾಡಿಕೊಳ್ಳುವುದರಲ್ಲೇ ವರ್ಷ ಕಳೆದ ಹುಡುಗನಿಗೆ ಪೆಟ್ಟು. ಮಿತಿ ಹಾಕದಿದ್ದರೆ ಮೂರು ವರ್ಷ ಕೋಚಿಂಗ್ ಫೀಸು ಕಟ್ಟಬಲ್ಲವನಿಗೆ ಲಾಭ. ಐಐಟಿ ಒಂದು ಉತ್ತರ ಆರಿಸಿದೆ, ನೀಟ್ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ನ್ಯಾಯ ಎಂದು ಹೇಳಬೇಕಾದರೆ ಎರಡು, ಮೂರನೆಯ ಸಲಕ್ಕೆ ಗೆದ್ದವರ ಮನೆಯ ಆದಾಯ, ಊರು, ಓದಿದ ಮಾಧ್ಯಮಗಳ ಲೆಕ್ಕ ಪ್ರತಿ ರಾಜ್ಯದಲ್ಲೂ ರಾಜನ್ ಸಮಿತಿ ಮಾಡಿದ ಮಟ್ಟದಲ್ಲಿ ಆಗಬೇಕು.

ಸಿಇಟಿಯಲ್ಲಿ ಸೀಟು ಸಿಕ್ಕವರಿಗೆ ಒಂದು ವರ್ಷ ತಡೆದು ಸೇರುವ ಅವಕಾಶ ಕೊಟ್ಟರೆ ಏನಾಗುತ್ತದೆ? ಸೀಟು ಖಾಲಿ ಬೀಳುತ್ತದೆ ಎಂಬ ಆಕ್ಷೇಪ ಮೊದಲ ವರ್ಷಕ್ಕಷ್ಟೇ ನಿಲ್ಲುತ್ತದೆ, ಏಕೆಂದರೆ ಎರಡನೆಯ ವರ್ಷದಿಂದ ಹೊರಡುವವರಷ್ಟೇ ಮಂದಿ ಮರಳಿ ಬರುತ್ತಿರುತ್ತಾರೆ. ಆದರೆ ಕಾದಿಟ್ಟ ಸೀಟಿನಲ್ಲಿ ಕೂತು ಇನ್ನೂ ಒಳ್ಳೆಯ ಸೀಟಿಗೆ ಮತ್ತೆ ನೀಟ್ ಬರೆಯುವವರನ್ನು ತಡೆಯುವುದು ಹೇಗೆ? ಹುಡುಗಿಯ ಹೆಸರಿನಲ್ಲಿ ಸೀಟೊಂದು ಕಾಯುತ್ತಿದೆ ಎಂಬ ಕಾಗದ ಆ ವರ್ಷದ ಮಟ್ಟಿಗೆ ಅವಳ ಮದುವೆಯನ್ನು ತಡೆದೀತೇ, ಅಥವಾ ಸೀಟಿನೊಂದಿಗೇ ಗಂಡನ ಮನೆಗೆ ಕಳಿಸುವ ಹೊಸ ದಾರಿಯಾದೀತೇ?

ಇವೆಲ್ಲಕ್ಕಿಂತ ಹಳೆಯ ಪ್ರಶ್ನೆ ದೇಶಮುಖ್ ಸಮಿತಿಯ ವರದಿಯನ್ನು ಮುಳುಗಿಸಿದ್ದು: ಖರ್ಚು ಯಾರದು? ಪ್ರಿನ್ಸ್‌ಟನ್ನಿನ ಹುಡುಗನ ವರ್ಷದ ಖರ್ಚು ಅವನ ವಿಶ್ವವಿದ್ಯಾಲಯದ್ದು. ಲಾಂಗ್ ಟರ್ಮ್ ಹುಡುಗನದು ಅಪ್ಪನದು. ಹೋಟೆಲಿನಲ್ಲಿ ದುಡಿಯುವವನು ತನ್ನ ವರ್ಷದ ಖರ್ಚನ್ನು ತಾನೇ ಹೊತ್ತು ಮನೆಗೂ ಕಳಿಸುತ್ತಾನೆ. ಸರ್ಕಾರ ಇದರಲ್ಲಿ ಎಷ್ಟನ್ನು ಹೊರಬೇಕು, ಯಾರ ಪಾಲಿನದನ್ನು ಮೊದಲು ಹೊರಬೇಕು ಎಂಬ ಮಾತು ಯಾವ ಬಜೆಟ್ಟಿನ ಚರ್ಚೆಯಲ್ಲೂ ಇನ್ನೂ ಗಂಭೀರವಾಗಿ ಎದ್ದಿಲ್ಲ.